ಕಾವಲು ಕ್ಯಾಮರಾ ಕಣ್ಣು ಮುಚ್ಚಿದಾಗ



ಮನೆಯ ಬಾಗಿಲ ಮೇಲೆ ಕುಳಿತು ಹಗಲಿರುಳು ಅಂಗಳವನ್ನು ನೋಡುತ್ತಿರುವ ಪುಟ್ಟ ಕ್ಯಾಮರಾ ಈಗ ಪಟ್ಟಣಗಳಲ್ಲಷ್ಟೇ ಅಲ್ಲ, ಹಳ್ಳಿಗಳಲ್ಲೂ ಕಾಣಸಿಗುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಊರಿನ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ ಇದ್ದಾರೆ. ಮಗಳು ದಿನಕ್ಕೆರಡು ಬಾರಿ ಮೊಬೈಲ್ ತೆರೆದು ಅಂಗಳ ನೋಡಿ, ಅಮ್ಮ ತುಳಸಿಗೆ ನೀರೆರೆಯುತ್ತಿರುವುದನ್ನು ಕಂಡು ಸಮಾಧಾನಪಡುತ್ತಾಳೆ. ಒಂದು ದಿನ ಚಿತ್ರ ಬರುವುದಿಲ್ಲ. ‘ಕ್ಯಾಮರಾ ಆಫ್‌ಲೈನ್’ ಎಂಬ ಎರಡು ಪದ ಮಾತ್ರ ಇರುತ್ತದೆ.

ಇದು ಸಣ್ಣ ತೊಂದರೆಯಂತೆ ಕಂಡರೂ ಸಣ್ಣದಲ್ಲ. ಬೀಗ ಹಾಕದ ಬಾಗಿಲಿಗಿಂತ, ಬೀಗ ಹಾಕಿದೆ ಎಂದು ನಾವು ನಂಬಿಕೊಂಡಿರುವ ತೆರೆದ ಬಾಗಿಲು ಹೆಚ್ಚು ಅಪಾಯದ್ದು. ಕ್ಯಾಮರಾ ಕೆಟ್ಟು ಮೂರು ದಿನವಾದರೂ ಯಾರೂ ಗಮನಿಸದೆ ಹೋದರೆ ಆ ಮೂರು ದಿನ ಮನೆಗೆ ಕಾವಲೂ ಇಲ್ಲ, ಕಾವಲಿಲ್ಲ ಎಂಬ ಎಚ್ಚರವೂ ಇಲ್ಲ. ಇಂಥ ಹೊತ್ತಿನಲ್ಲಿ ಮನೆಯ ಹಿರಿಯರು ಮೊದಲು ಕರೆಯುವುದು ಯಾರನ್ನು? ನಿಮ್ಮನ್ನೇ ತಾನೆ? “ಪುಟ್ಟಾ, ಇದೇನಾಗಿದೆ ಸ್ವಲ್ಪ ನೋಡೋ” ಎನ್ನುತ್ತಾರೆ. ನೀವು ಹೋಗಿ ಸ್ವಿಚ್ ಆರಿಸಿ ಮತ್ತೆ ಹಾಕುತ್ತೀರಿ. ಚಿತ್ರ ಬರುತ್ತದೆ. ಎಲ್ಲರಿಗೂ ಸಂತೋಷ. ಮರುದಿನ ಸಂಜೆ ಮತ್ತೆ ಅದೇ ಕಥೆ!

ಈ ತೊಂದರೆಯ ಮೂಲವನ್ನು ಹುಡುಕುವುದು ಹೇಗೆ ಎಂಬುದೇ ಇಂದಿನ ಮಾತು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ನೀವು ಶಾಲೆಯಲ್ಲಿ ಓದುವ ಓಮ್‌ನ ನಿಯಮ, ತರಂಗಗಳ ಪಾಠ ಮತ್ತು ಒಂದು ಹಳೆಯ ನೋಟ್‌ಬುಕ್, ಇಷ್ಟಿದ್ದರೆ ಸಾಕು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಮನೆ ಕಾಯುವ ಕ್ಯಾಮರಾದ ಕಲ್ಪನೆ ಹೊಸದಲ್ಲ. ಅಮೆರಿಕದ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿ ಇದ್ದರು. ಆಕೆ ಮತ್ತು ಆಕೆಯ ಪತಿ ಆಲ್ಬರ್ಟ್ ಬ್ರೌನ್ ಸೇರಿ 1966ರಲ್ಲಿ ಒಂದು ಏರ್ಪಾಡಿಗೆ ಪೇಟೆಂಟ್ ಕೋರಿದರು. 1969ರಲ್ಲಿ ಅದು ದೊರೆಯಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರದಲ್ಲಿ ಇಣುಕುಗಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮರಾ, ಮಲಗುವ ಕೋಣೆಯಲ್ಲಿ ಟೆಲಿವಿಷನ್ ಪರದೆ. ಹೊರಗೆ ನಿಂತವರು ಯಾರೆಂದು ಒಳಗಿಂದಲೇ ನೋಡಿ, ಮಾತಾಡಿಸಿ, ಬಾಗಿಲು ತೆರೆಯಬಹುದಿತ್ತು. ಈ ಚಿತ್ರ ಮನೆಯ ಹೊರಗೆ ಹೋಗುತ್ತಲೇ ಇರಲಿಲ್ಲ ಎಂಬುದನ್ನು ಗಮನಿಸಿ. ಇಂಥ ಏರ್ಪಾಡಿಗೇ ‘ಕ್ಲೋಸ್ಡ್ ಸರ್ಕಿಟ್ ಟೆಲಿವಿಷನ್’, ಅಂದರೆ ಮುಚ್ಚಿದ ಮಂಡಲದ ಟೆಲಿವಿಷನ್ ಎಂದು ಹೆಸರು. ಸಿ.ಸಿ. ಟಿವಿ ಎಂದು ನಾವು ಕರೆಯುವುದು ಇದನ್ನೇ.

1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಜ್ಞಾನಿಗಳು ತಮ್ಮ ಕಾಫಿ ಪಾತ್ರೆಗೆ ಒಂದು ಕ್ಯಾಮರಾ ತಿರುಗಿಸಿ ಇಟ್ಟರು. ಪಾತ್ರೆಯಲ್ಲಿ ಕಾಫಿ ಇದೆಯೇ ಎಂದು ತಮ್ಮ ಮೇಜಿನಿಂದಲೇ ನೋಡಿಕೊಳ್ಳುವುದು ಅವರ ಉದ್ದೇಶ. 1993ರಲ್ಲಿ ಆ ಚಿತ್ರವನ್ನು ವರ್ಲ್ಡ್ ವೈಡ್ ವೆಬ್‌ಗೆ ಜೋಡಿಸಿದಾಗ ಜಗತ್ತಿನ ಯಾವ ಮೂಲೆಯಿಂದಲಾದರೂ ಆ ಪಾತ್ರೆಯನ್ನು ಕಾಣುವಂತಾಯಿತು. ಮುಚ್ಚಿದ್ದ ಮಂಡಲ ತೆರೆದುಕೊಂಡದ್ದು ಹೀಗೆ.

ಇಂದಿನ ಮನೆ ಕ್ಯಾಮರಾಗಳಲ್ಲಿ ಹೆಚ್ಚಿನವು ಈ ತೆರೆದ ಬಗೆಯವು. ಅಂಗಳದ ಚಿತ್ರ ಮೊದಲು ರೇಡಿಯೋ ತರಂಗವಾಗಿ ಮನೆಯೊಳಗಿನ ರೌಟರ್‌ಗೆ ಹೋಗುತ್ತದೆ. ಅಲ್ಲಿಂದ ಫೈಬರ್ ತಂತುವಿನ ಮೂಲಕ ಇಂಟರ್‌ನೆಟ್ ಕಂಪನಿಗೆ, ಅಲ್ಲಿಂದ ಕ್ಯಾಮರಾ ತಯಾರಕರ ಸರ್ವರ್‌ಗೆ, ಕೊನೆಗೆ ನಿಮ್ಮ ಮೊಬೈಲಿಗೆ. ಆ ಸರ್ವರ್ ಬೇರೆ ಊರಿನಲ್ಲಿರಬಹುದು, ಬೇರೆ ದೇಶದಲ್ಲೂ ಇರಬಹುದು. ಇಷ್ಟು ದೂರದ ದಾರಿಯಲ್ಲಿ ಎಲ್ಲಿ ಎಳೆ ಕಡಿದರೂ ನಿಮಗೆ ಕಾಣುವುದು ಅದೇ ಎರಡು ಪದ. ಎಲ್ಲಿ ಕಡಿಯಿತು ಎಂದು ಅದು ಹೇಳುವುದಿಲ್ಲ.

ಟೆಲಿವಿಷನ್ ಕೇಂದ್ರಗಳಲ್ಲಿ ನಮಗೂ ಇದೇ ಸಮಸ್ಯೆ. ಹೊರಾಂಗಣ ಪ್ರಸಾರದ ನಡುವೆ ಪರದೆ ಕಪ್ಪಾದರೆ ಎಂಜಿನಿಯರುಗಳು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತುತ್ತಾ ಕೂರುವುದಿಲ್ಲ. ಕ್ಯಾಮರಾದಿಂದ ಪ್ರಸಾರ ಸ್ತಂಭದವರೆಗಿನ ದಾರಿಯನ್ನು ಕೊಂಡಿಗಳಾಗಿ ವಿಂಗಡಿಸುತ್ತಾರೆ. ನಡುವಿನ ಒಂದು ಕಡೆ ನಿಂತು “ಇಲ್ಲಿಯವರೆಗೆ ಚಿತ್ರ ಬರುತ್ತಿದೆಯೇ?” ಎಂದು ಕೇಳುತ್ತಾರೆ. ಬರುತ್ತಿದ್ದರೆ ದೋಷ ಮುಂದಿದೆ, ಇಲ್ಲವಾದರೆ ಹಿಂದಿದೆ. ಒಂದೇ ಪ್ರಶ್ನೆಗೆ ಅರ್ಧ ದಾರಿ ಪರೀಕ್ಷೆಯಾಯಿತು! ನಿಘಂಟಿನಲ್ಲಿ ಪದ ಹುಡುಕುವಾಗ ನೀವು ನಡುವಿನ ಪುಟ ತೆರೆದು, ಆಚೆಗೋ ಈಚೆಗೋ ಎಂದು ನೋಡುವುದಿಲ್ಲವೇ? ಹಾಗೆಯೇ ಇದು.

ನಮ್ಮ ಮನೆ ಕ್ಯಾಮರಾದ ದಾರಿಯಲ್ಲಿ ಐದು ಕೊಂಡಿಗಳಿವೆ. ಒಂದು, ಕ್ಯಾಮರಾಗೆ ಬರುವ ವಿದ್ಯುತ್ತು. ಎರಡು, ಕ್ಯಾಮರಾದಿಂದ ರೌಟರ್‌ವರೆಗಿನ ರೇಡಿಯೋ ಸಂಪರ್ಕ, ಅಂದರೆ ವೈಫೈ. ಮೂರು, ರೌಟರ್. ನಾಲ್ಕು, ರೌಟರ್‌ನಿಂದ ಹೊರಗೆ ಹೋಗುವ ಲೈನು. ಐದು, ತಯಾರಕರ ಸರ್ವರ್ ಮತ್ತು ನಿಮ್ಮ ಮೊಬೈಲಿನ ಆಪ್.

ನಡುವಿನಿಂದ ಆರಂಭಿಸೋಣ. ನಿಮ್ಮ ಮೊಬೈಲಿನ ಸಿಮ್ ಡೇಟಾ ಆರಿಸಿ, ಮನೆಯ ವೈಫೈ ಒಂದನ್ನೇ ಹಚ್ಚಿಟ್ಟುಕೊಂಡು ಯಾವುದಾದರೂ ಹೊಸ ಸುದ್ದಿ ಪುಟ ತೆರೆಯಿರಿ. ಪುಟ ತೆರೆದುಕೊಂಡರೆ ಮೂರನೆಯ, ನಾಲ್ಕನೆಯ ಕೊಂಡಿಗಳು ಬಹುಮಟ್ಟಿಗೆ ಸರಿಯಾಗಿವೆ. ಕ್ಯಾಮರಾದ ಹತ್ತಿರವೋ ಸರ್ವರ್‌ನ ಕಡೆಯೋ ಹುಡುಕಬೇಕು. ತೆರೆಯದಿದ್ದರೆ ಕ್ಯಾಮರಾ ನಿರಪರಾಧಿ ಇರಬಹುದು. ಅದನ್ನು ಮುಟ್ಟಬೇಡಿ, ರೌಟರ್ ಮತ್ತು ಲೈನು ನೋಡಿ. ಈ ಪರೀಕ್ಷೆಯಲ್ಲಿ ಸಿಮ್ ಡೇಟಾ ಆರಿಸಲು ಮರೆಯಬಾರದು. ಇಲ್ಲವಾದರೆ ವೈಫೈ ಸತ್ತಿದ್ದರೂ ಮೊಬೈಲು ಸದ್ದಿಲ್ಲದೆ ಸಿಮ್ ಮೂಲಕ ಪುಟ ತಂದುಕೊಟ್ಟು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಈಗ ಒಂದೊಂದೇ ಕೊಂಡಿಯ ಹತ್ತಿರ ಹೋಗೋಣ.

ಮೊದಲನೆಯದು ವಿದ್ಯುತ್ತು. ‘ಇಂಟರ್‌ನೆಟ್ ಹೋಯಿತು’ ಎಂದು ನಾವು ದೂರುವ ಎಷ್ಟೋ ಸಂದರ್ಭಗಳಲ್ಲಿ ನಿಜವಾದ ತೊಂದರೆ ಇಲ್ಲಿರುತ್ತದೆ. ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಕ್ಯಾಮರಾ ಹಗಲೆಲ್ಲ ಚೆನ್ನಾಗಿದ್ದು, ಪ್ರತಿದಿನ ಕತ್ತಲಾಗುತ್ತಲೇ ಸಂಪರ್ಕ ಕಳೆದುಕೊಳ್ಳುತ್ತದೆ. ಕತ್ತಲಿಗೂ ಇಂಟರ್‌ನೆಟ್ಟಿಗೂ ಏನು ಸಂಬಂಧ?

ಕತ್ತಲಾದಾಗ ಕ್ಯಾಮರಾ ತನ್ನ ಸುತ್ತಲಿನ ಪುಟ್ಟ ಅವಕೆಂಪು ದೀಪಗಳನ್ನು ಹಚ್ಚಿಕೊಳ್ಳುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದಿದ್ದರೂ ಕ್ಯಾಮರಾಗೆ ಕಾಣುತ್ತದೆ. ದೀಪ ಹತ್ತಿದೊಡನೆ ಅದು ಸೆಳೆಯುವ ವಿದ್ಯುತ್ ಪ್ರವಾಹ ಹೆಚ್ಚುತ್ತದೆ. ಈಗ ಓಮ್‌ನ ನಿಯಮ ನೆನಪಿಸಿಕೊಳ್ಳಿ: ವಿಭವಾಂತರ ಎಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಅಡಾಪ್ಟರ್ 5 ವೋಲ್ಟಿನದು. ಅಲ್ಲಿಂದ ಬಾಗಿಲವರೆಗೆ 5 ಮೀಟರ್ ಉದ್ದದ ತೆಳು ಕೇಬಲ್ ಎಳೆದಿದ್ದಾರೆ. ಹೋಗಿಬರುವ ಎರಡೂ ತಂತಿಗಳ ರೋಧ ಸೇರಿ 2 ಓಮ್ ಎಂದಿಟ್ಟುಕೊಳ್ಳಿ. ಹಗಲಿನಲ್ಲಿ ಕ್ಯಾಮರಾ 0.3 ಆಂಪಿಯರ್ ಸೆಳೆದರೆ ಕೇಬಲ್‌ನಲ್ಲೇ 0.6 ವೋಲ್ಟ್ ಕಳೆದುಹೋಗಿ ಕ್ಯಾಮರಾಗೆ 4.4 ವೋಲ್ಟ್ ಸಿಗುತ್ತದೆ, ಹೇಗೋ ನಡೆಯುತ್ತದೆ. ರಾತ್ರಿ 0.6 ಆಂಪಿಯರ್ ಸೆಳೆದರೆ 1.2 ವೋಲ್ಟ್ ಕಳೆದು 3.8 ವೋಲ್ಟ್ ಮಾತ್ರ ಉಳಿಯುತ್ತದೆ. ಅಷ್ಟು ಸಾಲದೆ ಕ್ಯಾಮರಾ ಆರಿಹೋಗುತ್ತದೆ. ಭಾರ ಇಳಿದೊಡನೆ ಮತ್ತೆ ಹತ್ತುತ್ತದೆ. ದೀಪ ಹಚ್ಚಿ ಮತ್ತೆ ಆರುತ್ತದೆ. ಮೊಬೈಲಿನಲ್ಲಿ ನೋಡುವವರಿಗೆ ಮಾತ್ರ ಇದು ‘ಇಂಟರ್‌ನೆಟ್ ತೊಂದರೆ’.

ಪರಿಹಾರ ಸುಲಭ. ತಯಾರಕರು ಕೊಟ್ಟ ಅಡಾಪ್ಟರನ್ನೇ ಬಳಸಿ. ಕೇಬಲ್ ಚಿಕ್ಕದಿರಲಿ, ಉದ್ದ ಬೇಕೇಬೇಕಾದರೆ ದಪ್ಪ ತಂತಿಯದಿರಲಿ. ತಂತಿಯ ಅಡ್ಡಕೊಯ್ತ ಹೆಚ್ಚಿದಷ್ಟೂ ರೋಧ ಕಡಿಮೆ ಎಂದು ನೀವು ಓದಿದ್ದೀರಿ. ಅನುಮಾನವಿದ್ದರೆ ಕ್ಯಾಮರಾವನ್ನು ಒಂದು ರಾತ್ರಿ ಅಡಾಪ್ಟರ್ ಪಕ್ಕದಲ್ಲೇ ಚಿಕ್ಕ ಕೇಬಲ್‌ನಿಂದ ಜೋಡಿಸಿ ನೋಡಿ. ಒಂದು ಎಚ್ಚರಿಕೆ: 230 ವೋಲ್ಟಿನ ಗೋಡೆ ಪ್ಲಗ್ಗು, ಒದ್ದೆಯಾದ ಜಾಯಿಂಟು, ಇವುಗಳ ಕೆಲಸ ನಿಮ್ಮದಲ್ಲ; ಅದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಎರಡನೆಯ ಕೊಂಡಿ ರೇಡಿಯೋ ತರಂಗ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆಗೆ ವಿದ್ಯುತ್ಕಾಂತೀಯ ತರಂಗಗಳನ್ನು ಕಳಿಸಿ, ದೂರದಲ್ಲಿದ್ದ ಗಂಟೆ ಬಾರಿಸಿ ತೋರಿಸಿದ್ದರು. ನಿಮ್ಮ ಕ್ಯಾಮರಾ ಮಾಡುವುದೂ ಗೋಡೆಯಾಚೆಗೆ ತರಂಗ ಕಳಿಸುವ ಕೆಲಸವನ್ನೇ. ಬಹುಪಾಲು ಮನೆ ಕ್ಯಾಮರಾಗಳು 2.4 ಗಿಗಾಹರ್ಟ್ಸ್ ಆವೃತ್ತಿಯ ತರಂಗ ಬಳಸುತ್ತವೆ. ಬೆಳಕಿನ ವೇಗವನ್ನು ಈ ಆವೃತ್ತಿಯಿಂದ ಭಾಗಿಸಿ ನೋಡಿ: ತರಂಗದೂರ ಸುಮಾರು 12.5 ಸೆಂಟಿಮೀಟರ್.

ಈ ತರಂಗ ಮರದ ಬಾಗಿಲನ್ನು ಸುಲಭವಾಗಿ ದಾಟುತ್ತದೆ. ದಪ್ಪನೆಯ ಜಂಬಿಟ್ಟಿಗೆ ಗೋಡೆ, ಕಬ್ಬಿಣದ ಸರಳಿನ ಕಾಂಕ್ರೀಟು ಇವುಗಳಲ್ಲಿ ಸೊರಗುತ್ತದೆ. ತಗಡು, ಕಬ್ಬಿಣದ ಬೀರು, ದೊಡ್ಡ ಕನ್ನಡಿ ಇವುಗಳಿಗೆ ಬಡಿದು ಹಿಂದಿರುಗುತ್ತದೆ. ತುಂಬಿದ ನೀರಿನ ಟ್ಯಾಂಕು ಅದನ್ನು ಹೀರಿಕೊಳ್ಳುತ್ತದೆ. ಏನೂ ಅಡ್ಡವಿಲ್ಲದಿದ್ದರೂ ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಸಂಪರ್ಕದ ಬಲವನ್ನು ಆಪ್‌ನಲ್ಲಿ ಕೆಲವೊಮ್ಮೆ ಮೈನಸ್ 50, ಮೈನಸ್ 80 ಎಂಬ ಅಂಕಿಗಳಲ್ಲಿ ತೋರಿಸುತ್ತಾರೆ. ಇದು ಡೆಸಿಬೆಲ್ ಲೆಕ್ಕ. ಪ್ರತಿ 10 ಇಳಿದಾಗ ಬಲ ಹತ್ತನೇ ಒಂದು ಭಾಗವಾಗುತ್ತದೆ. ಅಂದರೆ ಮೈನಸ್ 80ರ ಬಲ ಮೈನಸ್ 50ರ ಸಾವಿರದ ಒಂದು ಭಾಗ ಮಾತ್ರ! ಮೈನಸ್ 65ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಮೈನಸ್ 75 ದಾಟಿ ಕೆಳಗಿಳಿದರೆ ಎಳೆ ಆಗಾಗ ಕಡಿಯುತ್ತದೆ.

ಆದ್ದರಿಂದ ರೌಟರನ್ನು ಟಿವಿಯ ಹಿಂದೆ, ಬೀರಿನ ಒಳಗೆ, ನೆಲದ ಮೇಲೆ ಇಡಬೇಡಿ. ಎತ್ತರದಲ್ಲಿ, ಕ್ಯಾಮರಾ ಇರುವ ದಿಕ್ಕಿಗೆ ತೆರೆದ ಜಾಗದಲ್ಲಿ ಇಡಿ. ಇನ್ನೊಂದು ಚಮತ್ಕಾರ ನೋಡಿ. ಗೋಡೆಗಳಿಂದ ಹಿಂದಿರುಗಿದ ತರಂಗಗಳು ನೇರ ಬಂದ ತರಂಗವನ್ನು ಕೆಲವು ಬಿಂದುಗಳಲ್ಲಿ ರದ್ದುಮಾಡುತ್ತವೆ. ನೀವು ಓದುವ ವ್ಯತಿಕರಣ ಇದೇ. ತರಂಗದೂರವೇ 12.5 ಸೆಂಟಿಮೀಟರ್ ಆದ್ದರಿಂದ, ಸೊರಗಿದ ಬಿಂದುವಿನಲ್ಲಿರುವ ಕ್ಯಾಮರಾವನ್ನು ನಾಲ್ಕು ಬೆರಳಷ್ಟು ಪಕ್ಕಕ್ಕೆ ಸರಿಸಿದರೂ ಚಿತ್ರ ಸುಧಾರಿಸಬಹುದು.

ಇನ್ನು ನೆರೆಹೊರೆಯ ಗದ್ದಲ. ಭಾರತದಲ್ಲಿ 2005ರಿಂದ ಈ 2.4 ಗಿಗಾಹರ್ಟ್ಸ್ ಪಟ್ಟಿ ಪರವಾನಗಿಯ ಅಗತ್ಯವಿಲ್ಲದೆ ಎಲ್ಲರಿಗೂ ತೆರೆದಿದೆ. ಹಾಗಾಗಿ ಪಕ್ಕದ ಮನೆಯ ರೌಟರ್, ಬ್ಲೂಟೂತ್ ಉಪಕರಣ ಎಲ್ಲವೂ ಅಲ್ಲೇ ಮಾತಾಡುತ್ತವೆ. ಮೈಕ್ರೋವೇವ್ ಒಲೆಯಿಂದ ಸೋರುವ ತರಂಗವೂ ಅಲ್ಲೇ ಇರುತ್ತದೆ. ಈ ಪಟ್ಟಿಯಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ. ಆದರೆ ಅವುಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಪ್ರತಿಯೊಂದಕ್ಕೂ ಬೇಕಾದ ಅಗಲ ಸುಮಾರು 20 ಮೆಗಾಹರ್ಟ್ಸ್. ಒಂದರ ಮೇಲೊಂದು ಬೀಳದಂತೆ ಆರಿಸಬೇಕಾದರೆ 1, 6, 11, ಈ ಮೂರನ್ನೇ ಹಿಡಿಯುವುದು ರೂಢಿ. ನಿಮ್ಮ ಬೀದಿಯಲ್ಲಿ ಎಲ್ಲರೂ 6ರಲ್ಲಿದ್ದರೆ ನೀವು 1 ಅಥವಾ 11ಕ್ಕೆ ಹೋಗಿ. ಇನ್ನೊಂದು ಮಾತು: ಇಂದಿನ ರೌಟರ್‌ಗಳು 5 ಗಿಗಾಹರ್ಟ್ಸ್‌ನಲ್ಲೂ ಪ್ರಸಾರ ಮಾಡುತ್ತವೆ. ಅಗ್ಗದ ಕ್ಯಾಮರಾಗಳಲ್ಲಿ ಹಲವಕ್ಕೆ ಅದು ಅರ್ಥವಾಗುವುದಿಲ್ಲ. ರೌಟರ್‌ನಲ್ಲಿ 2.4 ಪಟ್ಟಿ ಆರಿಹೋಗಿದ್ದರೆ ಮೊಬೈಲಿಗೆ ಇಂಟರ್‌ನೆಟ್ ಇರುತ್ತದೆ, ಕ್ಯಾಮರಾಗೆ ಇರುವುದಿಲ್ಲ.

ಮೂರನೆಯದು ರೌಟರ್. ಇದು ಮನೆಯೊಳಗಿನ ಅಂಚೆಯಣ್ಣನಿದ್ದಂತೆ. ಪ್ರತಿ ಉಪಕರಣಕ್ಕೂ ಒಂದು ವಿಳಾಸ ಕೊಟ್ಟು, ಬಂದದ್ದನ್ನು ಹಂಚುತ್ತದೆ. ಈ ವಿಳಾಸ ಸ್ವಂತದ್ದಲ್ಲ, ಗಡುವಿನ ಬಾಡಿಗೆಯದು. ಗಡುವು ಮುಗಿಯುವ ಮುನ್ನ ನವೀಕರಿಸಿಕೊಳ್ಳಬೇಕು. ಕೆಲವು ಕ್ಯಾಮರಾಗಳು ಇದರಲ್ಲಿ ಎಡವುತ್ತವೆ. ದಿನಕ್ಕೊಮ್ಮೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸಂಪರ್ಕ ಹೋಗುತ್ತಿದ್ದರೆ ಇದನ್ನು ಅನುಮಾನಿಸಿ. ರೌಟರ್‌ನ ವ್ಯವಸ್ಥೆಯಲ್ಲಿ ಕ್ಯಾಮರಾಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ತೊಂದರೆ ನೀಗಬಹುದು. ಯಾರಾದರೂ ವೈಫೈ ಪಾಸ್‌ವರ್ಡ್ ಬದಲಿಸಿದ್ದಾರೆಯೇ ಎಂದೂ ಮನೆಯಲ್ಲಿ ಕೇಳಿ. ಮೊಬೈಲುಗಳಿಗೆ ಹೊಸ ಪಾಸ್‌ವರ್ಡ್ ಕೊಟ್ಟವರು ಬಾಗಿಲ ಮೇಲಿನ ಕ್ಯಾಮರಾವನ್ನು ಮರೆತಿರುವುದುಂಟು.

ಕರೆಂಟು ಹೋಗಿ ಬಂದ ಮೇಲೆ ಮಾತ್ರ ತೊಂದರೆಯೇ? ಆಗ ಕ್ಯಾಮರಾ ಬೇಗ ಎಚ್ಚರಗೊಂಡು, ರೌಟರ್ ಇನ್ನೂ ಸಿದ್ಧವಾಗದಿರುವಾಗಲೇ ಹುಡುಕಿ ಸೋತು ಸುಮ್ಮನಾಗಿರಬಹುದು. ರೌಟರ್ ಪೂರ್ತಿ ಸಿದ್ಧವಾದ ಮೇಲೆ ಕ್ಯಾಮರಾವನ್ನು ಆರಿಸಿ ಹಾಕಿದರೆ ಸರಿಹೋಗುತ್ತದೆ. ರೌಟರ್‌ಗೆ ಒಂದು ಸಣ್ಣ ಯು.ಪಿ.ಎಸ್. ಇಟ್ಟರೆ ಈ ತೊಂದರೆ ಬಾರದಂತೆಯೇ ತಡೆಯಬಹುದು.

ನಾಲ್ಕನೆಯದು ಹೊರಗಿನ ಲೈನು. ಫೈಬರ್ ಪೆಟ್ಟಿಗೆಯ ಮೇಲೆ ‘ಎಲ್.ಓ.ಎಸ್.’ ಎಂಬ ಕೆಂಪು ದೀಪ ಹತ್ತಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲ ಎಂದರ್ಥ. ತಂತು ಎಲ್ಲೋ ಮುರಿದಿದೆ ಅಥವಾ ತೀರ ಬಾಗಿದೆ. ಕಂಪನಿಗೆ ತಿಳಿಸಿ. ಬಿಚ್ಚಿದ ತಂತುವಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಾಣದಂಥದ್ದು, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ಲೈನು ಬದುಕಿದ್ದರೂ ಅದರ ಅಗಲ ಸಾಲದಿರಬಹುದು. 1920 ಅಡ್ಡ, 1080 ಉದ್ದ ಚುಕ್ಕೆಗಳ ಚಿತ್ರವನ್ನು ಸೆಕೆಂಡಿಗೆ 25ರಂತೆ ಕುಗ್ಗಿಸದೆ ಕಳಿಸಬೇಕಾದರೆ, ಚುಕ್ಕೆಗೆ 12 ಬಿಟ್‌ನಂತೆ ಲೆಕ್ಕ ಹಾಕಿದರೂ, ಸೆಕೆಂಡಿಗೆ ಸುಮಾರು 62 ಕೋಟಿ ಬಿಟ್ ಬೇಕು. ಕ್ಯಾಮರಾ ಅದನ್ನು ಕುಗ್ಗಿಸಿ 20 ಲಕ್ಷ ಬಿಟ್‌ನ ಆಸುಪಾಸಿಗೆ ತರುತ್ತದೆ. ಹೇಗೆ? ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಳಿಸಿ. ಸುಮ್ಮನಿರುವ ಅಂಗಳದಲ್ಲಿ ವ್ಯತ್ಯಾಸ ಕಡಿಮೆ. ಗಾಳಿಗೆ ಮಾವಿನ ಮರ ತೂಗುತ್ತಿದ್ದರೆ, ಮಳೆ ಸುರಿಯುತ್ತಿದ್ದರೆ ಇಡೀ ಚಿತ್ರವೇ ಬದಲಾಗುತ್ತಿರುತ್ತದೆ. ಕಳಿಸಬೇಕಾದ ಹೊರೆ ಏರುತ್ತದೆ. ಗಾಳಿಮಳೆಯಲ್ಲಿ ಚಿತ್ರ ತಡವರಿಸಿದರೆ ಇದೂ ಒಂದು ಕಾರಣ. ಆಪ್‌ನಲ್ಲಿ ಚಿತ್ರದ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ನೋಡಿ.

ಐದನೆಯದು ಸರ್ವರ್. ಇದು ನಿಮ್ಮ ಕೈಯಲ್ಲಿಲ್ಲ. 2021ರ ಡಿಸೆಂಬರ್ 7ರಂದು ಅಮೆರಿಕದಲ್ಲಿ ಅಮೆಜಾನ್ ಕಂಪನಿಯ ಸರ್ವರ್ ಜಾಲ ತಾಸುಗಟ್ಟಲೆ ಕೈಕೊಟ್ಟಾಗ ರಿಂಗ್ ಎಂಬ ಹೆಸರಿನ ಮನೆ ಕ್ಯಾಮರಾಗಳನ್ನು ಬಳಸುವವರು ತೊಂದರೆಗೊಳಗಾದರು. ಅವರ ಮನೆಗಳಲ್ಲಿ ಏನೂ ಕೆಟ್ಟಿರಲಿಲ್ಲ. ಉಳಿದೆಲ್ಲ ಕೊಂಡಿಗಳು ಸರಿಯಿದ್ದು, ಒಂದೇ ಕಂಪನಿಯ ಕ್ಯಾಮರಾಗಳೆಲ್ಲ ಒಟ್ಟಿಗೆ ಮೌನವಾದರೆ ಸ್ವಲ್ಪ ಹೊತ್ತು ಕಾಯಿರಿ. ಆ ಅವಸರದಲ್ಲಿ ಸೂಜಿ ಚುಚ್ಚಿ ‘ರೀಸೆಟ್’ ಮಾಡಿದರೆ ಇದ್ದ ವ್ಯವಸ್ಥೆಯೂ ಅಳಿಸಿಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಂದು ಹೋಗುವ ದೋಷ, ಪೂರ್ತಿ ಕೆಟ್ಟ ದೋಷಕ್ಕಿಂತ ಕಷ್ಟದ್ದು. ನೀವು ನೋಡುವಾಗ ಅದು ಅಡಗಿರುತ್ತದೆ. ಅದನ್ನು ಹಿಡಿಯಲು ನೋಟ್‌ಬುಕ್ ಬೇಕು. ಸಂಪರ್ಕ ಹೋದ ಹೊತ್ತು, ಆಗಿನ ಹವೆ, ಕ್ಯಾಮರಾದ ಮತ್ತು ರೌಟರ್‌ನ ದೀಪಗಳ ಬಣ್ಣ, ಕರೆಂಟು ಹೋಗಿತ್ತೇ, ಅಡುಗೆಮನೆಯಲ್ಲಿ ಮೈಕ್ರೋವೇವ್ ನಡೆಯುತ್ತಿತ್ತೇ, ಇವನ್ನು ಒಂದು ವಾರ ಬರೆಯಿರಿ. ಆರಿಸಿ ಹಾಕುವ ಮುನ್ನವೇ ದೀಪಗಳನ್ನು ನೋಡಿ ಬರೆದುಕೊಳ್ಳಬೇಕು; ಆರಿಸಿದೊಡನೆ ಸಾಕ್ಷ್ಯ ಅಳಿಸಿಹೋಗುತ್ತದೆ.

ವಾರದ ಕೊನೆಗೆ ಒಂದು ಕ್ರಮ ಕಾಣಿಸುತ್ತದೆ. ಸಂಜೆ ಏಳಕ್ಕೆ ಹೋಗುತ್ತಿದೆ ಎನ್ನೋಣ. ಕಾರಣ ಎರಡಿರಬಹುದು: ಕತ್ತಲಿನ ಅವಕೆಂಪು ದೀಪ, ಅಥವಾ ಆ ಹೊತ್ತಿಗೆ ಬೀದಿಯವರೆಲ್ಲ ಮನೆಗೆ ಬಂದು ವೈಫೈ ಬಳಸುವ ಗದ್ದಲ. ಯಾವುದು ನಿಜ? ಒಂದು ಸಂಜೆ ಅವಕೆಂಪು ದೀಪವನ್ನು ಮಾತ್ರ ಆಪ್‌ನಲ್ಲಿ ಆರಿಸಿಡಿ. ಸಂಪರ್ಕ ಉಳಿದರೆ ದೋಷ ವಿದ್ಯುತ್ತಿನದು. ಆಗಲೂ ಹೋದರೆ, ದೀಪವನ್ನು ಮೊದಲಿನಂತೆ ಹಚ್ಚಿ, ಮರುದಿನ ಚಾನೆಲ್ ಮಾತ್ರ ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ! ಕೇಬಲ್, ಚಾನೆಲ್, ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಕ್ಯಾಮರಾ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತೆಂದು ನಿಮಗೆ ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಒಂದನ್ನೇ ಬದಲಿಸುವುದನ್ನು ನೀವು ಕಲಿಯುತ್ತೀರಲ್ಲ, ಅದೇ ಪಾಠ ಇಲ್ಲಿ ಬಾಗಿಲ ಮೇಲೆ ಬಂದು ಕೂತಿದೆ.

ದೋಷ ಸಿಕ್ಕಿ ಸರಿಯಾದ ಮೇಲೆ ಇನ್ನೆರಡು ಕೆಲಸ ಮಾಡಿ. ಒಂದು, ಕ್ಯಾಮರಾದೊಳಗೆ ಮೆಮೊರಿ ಕಾರ್ಡ್ ಹಾಕಿ. ಇಂಟರ್‌ನೆಟ್ ಇಲ್ಲದ ಹೊತ್ತಿನ ಚಿತ್ರವೂ ಅದರಲ್ಲಿ ಉಳಿಯುತ್ತದೆ. ಎರಡು, ಕ್ಯಾಮರಾದ ಮತ್ತು ರೌಟರ್‌ನ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಲ್ಲಿ ಇಟ್ಟ ಅರವತ್ತಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ, ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮರಾ, ರೌಟರ್‌ಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಉಪಕರಣಗಳ ಸೈನ್ಯ ನಡೆಸಿದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಬಹಳ ಜನರಿಗೆ ತೆರೆಯದಾದವು. ಮನೆ ಕಾಯಬೇಕಾದ ಕ್ಯಾಮರಾ ಪರರ ಆಳಾಗುವುದು ಹೀಗೆ. ತಯಾರಕರು ಕಳಿಸುವ ತಂತ್ರಾಂಶದ ಪರಿಷ್ಕರಣೆಯನ್ನೂ ತಪ್ಪದೆ ಹಾಕಿಕೊಳ್ಳಿ. ಕಡಿಯುವ ಸಂಪರ್ಕದ ದೋಷ ಅದರಲ್ಲೇ ತಿದ್ದಿರುವುದುಂಟು.

ಕೊನೆಯದಾಗಿ ಒಂದು ಮಾತು. ಐದು ಕೊಂಡಿಗಳೂ ಗಟ್ಟಿಯಾಗಿದ್ದರೂ ಕ್ಯಾಮರಾ ನೋಡಬಲ್ಲದೇ ಹೊರತು ಎದ್ದು ಓಡಿಬರಲಾರದು. ಊರಿನ ಮನೆಯ ತಾಯಿ ಅಂಗಳದಲ್ಲಿ ಜಾರಿ ಬಿದ್ದರೆ, ಚಿತ್ರ ಕಂಡ ಮಗಳು ಫೋನ್ ಮಾಡಬೇಕಾದದ್ದು ಪಕ್ಕದ ಮನೆಗೆ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ವೈಫೈ ವಿವರದ ಜೊತೆಗೆ ನೆರೆಮನೆಯವರ ಫೋನ್ ಸಂಖ್ಯೆಯನ್ನೂ ಬರೆದಿಡಿ. ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು, ಆ ದಿನ ಕ್ಯಾಮರಾ ಬದುಕಿದೆಯೇ ಎಂದು ನೋಡಿ ಆ ಪುಸ್ತಕದಲ್ಲಿ ಒಂದು ಗುರುತು ಹಾಕಿ. ಕಾವಲುಗಾರನನ್ನೂ ಒಬ್ಬರು ಕಾಯಬೇಕು. ಆ ಕೆಲಸ ನಿಮ್ಮದಾಗಲಿ.